ದನಗಳಿಗೆ ಕೇಳುವಷ್ಟು ದನಿಯಲ್ಲಿ

ಕೌಬಾಯ್ ಹಾಡೊಂದನ್ನು ಮುಗಿಸಿ ಗಿಟಾರ್ ಕೆಳಗಿಡುತ್ತಿದ್ದೆ. ಮುಂದಿನ ಸಾಲಿನ ಅಜ್ಜ ಕೈ ಎತ್ತಿದರು. ಗಾಲಿಕುರ್ಚಿ, ಮೊಣಕಾಲ ಮೇಲೊಂದು ಕಂಬಳಿ, ತಲೆ ಮೇಲೆ ಅಂಚು ಸವೆದ ಹ್ಯಾಟು. "ಚೆನ್ನಾಗಿ ಹಾಡ್ತೀಯಮ್ಮ. ಆದ್ರೆ ದನದ ಹತ್ತಿರ ಹೋಗುವಾಗ ನನ್ನ ಕುದುರೆ ಇಷ್ಟು ಜೋರಾಗಿ ನಡೀತಿರಲಿಲ್ಲ" ಎಂದರು.

ಅಮೆರಿಕದ ನೆವಾಡಾ ರಾಜ್ಯದ ರೀನೋ ಊರಿನ ಒಂದು ವೃದ್ಧಾಶ್ರಮದಲ್ಲಿ ನಡೆದದ್ದು ಇದು. ಅವರು ಹುಡುಗನಾಗಿದ್ದಾಗಿನಿಂದ ಉತ್ತರ ನೆವಾಡಾದ ರಾಂಚುಗಳಲ್ಲಿ, ಅಂದರೆ ದನ ಸಾಕುವ ದೊಡ್ಡ ಜಮೀನುಗಳಲ್ಲಿ, ದುಡಿದವರು. ಎರಡು ಬೆರಳಿನಿಂದ ಕುರ್ಚಿಯ ಕೈ ಮೇಲೆ ಕುದುರೆಯ ಹೆಜ್ಜೆ ತಟ್ಟಿ ತೋರಿಸಿದರು. ಟಕ್, ಟಕ್, ಟಕ್, ಟಕ್. ಅವಸರವೇ ಇಲ್ಲ. "ಇದರ ಮೇಲೆ ಹಾಡು" ಎಂದರು. ಅದೇ ಹಾಡನ್ನು ಮತ್ತೆ ಹಾಡಿದೆ. ನಿಮಿಷಕ್ಕೆ 120 ತಾಳದಲ್ಲಿ ಓಡುತ್ತಿದ್ದದ್ದು 80ಕ್ಕೆ ಇಳಿಯಿತು. ಸಾಲು ಸಾಲಿನ ನಡುವೆ ಉಸಿರಿಗೆ ಜಾಗ ಸಿಕ್ಕಿತು. ಎರಡು ವರ್ಷದಿಂದ ಕಲಿಯುತ್ತಿದ್ದ ಹಾಡು ಅವತ್ತು ಮೊದಲ ಸಲ ನನಗೆ ಅರ್ಥವಾಯಿತು.

ನಾನು ಶಿರಾ ಕಡೆಯವಳು. ಚಿಕ್ಕವಳಿದ್ದಾಗ ನಮ್ಮ ಕಡೆ ದನ, ಕುರಿ ಕಾಯುವ ಕಾಡುಗೊಲ್ಲರ ಹಟ್ಟಿಯಲ್ಲಿ ಅವರ ದೈವ ಜುಂಜಪ್ಪನ ಕಥೆ ಹಾಡುವುದನ್ನು ಕೇಳಿದ್ದೆ. ಉದ್ದನೆಯ ಬಿದಿರಿನ ಗಣೆ ಊದಿ ಊದಿ, ನಡುನಡುವೆ ಹಾಡುತ್ತಿದ್ದರು. ಕೆಲಸದ ಮೇಲೆ ನೆವಾಡಾಕ್ಕೆ ಬಂದೆ. ಇಲ್ಲಿನ ಬಯಲು, ಒಣ ಗಾಳಿ, ಮಳೆ ಬಿದ್ದಾಗ ಸೇಜ್‌ಬ್ರಷ್ ಗಿಡದಿಂದ ಏಳುವ ಕಹಿ ಘಮ, ಎಲ್ಲ ಹಿಡಿಸಿತು. ಒಂದು ದಿನ ಲೈಬ್ರರಿಯಲ್ಲಿ ಯಾರೋ ಗಿಟಾರ್ ಹಿಡಿದು ಕೌಬಾಯ್ ಹಾಡು ಹಾಡುತ್ತಿದ್ದರು. ಇದೂ ದನ ಕಾಯುವವರ ಹಾಡೇ ಅಲ್ವಾ ಅನ್ನಿಸಿತು. ಮುಂದಿನ ವಾರವೇ ಗಿಟಾರ್ ಕೊಂಡೆ.

ಕೌಬಾಯ್ ಹಾಡು ಅಂದರೆ ನಮ್ಮಲ್ಲಿ ಬಹಳ ಜನಕ್ಕೆ ಸಿನಿಮಾ ನೆನಪಾಗುತ್ತದೆ. ಗಿಟಾರ್ ಹಿಡಿದು ಕುದುರೆ ಮೇಲೆ ಕೂತ ನಾಯಕ 1930ರ ದಶಕದ ರೇಡಿಯೋ ಮತ್ತು ಸಿನಿಮಾದಿಂದ ಬಂದವನು. ಆ ಹಾಡುಗಳೂ ಚಂದವೇ, ನಾನೂ ಹಾಡುತ್ತೇನೆ. ಆದರೆ ಹಳೆಯ ಹಾಡುಗಳು ಹುಟ್ಟಿದ್ದು ಕೆಲಸದಲ್ಲಿ. ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿಯಿತು. ಟೆಕ್ಸಾಸ್‌ನಲ್ಲಿ ದನ ವಿಪರೀತ ಇದ್ದವು, ಕೊಳ್ಳುವವರು ಉತ್ತರದಲ್ಲಿದ್ದರು. 1867ರಿಂದ ಕಾನ್ಸಾಸ್‌ನ ಆಬಿಲೀನ್ ರೈಲು ನಿಲ್ದಾಣಕ್ಕೆ ದನ ಹೊಡೆದುಕೊಂಡು ಹೋಗುವುದು ಶುರುವಾಯಿತು. ಒಂದು ಹಿಂಡಿನಲ್ಲಿ ಎರಡು ಮೂರು ಸಾವಿರ ದನ, ಜೊತೆಗೆ ಹತ್ತು ಹನ್ನೆರಡು ಜನ. ದಿನಕ್ಕೆ ಹತ್ತು ಹದಿನೈದು ಮೈಲಿ.

ರಾತ್ರಿ ದನ ಮಲಗಿದ ಮೇಲೆ ಇಬ್ಬರು ಕಾವಲು. ಒಬ್ಬ ಬಲಕ್ಕೆ, ಒಬ್ಬ ಎಡಕ್ಕೆ, ಹಿಂಡಿನ ಸುತ್ತ ಕುದುರೆ ಮೇಲೆ ನಿಧಾನಕ್ಕೆ ಸುತ್ತು. ಎರಡು ಗಂಟೆಗೊಮ್ಮೆ ಆಳು ಬದಲು. ಕತ್ತಲಲ್ಲಿ ಕಡ್ಡಿ ಮುರಿದ ಸದ್ದಿಗೂ ದನ ಬೆದರಿ ಎದ್ದು ಓಡಬಹುದು. ಎದುರಿಗೆ ಸಿಕ್ಕವನು ಉಳಿಯುವುದು ಕಷ್ಟ. ಅದಕ್ಕೇ ಹಾಡುತ್ತಿದ್ದರು. ಇಲ್ಲಿದ್ದೇನೆ, ಹೊಸಬನಲ್ಲ, ಹೆದರಬೇಡ ಅಂತ ದನಕ್ಕೆ ಗೊತ್ತಾಗಲಿ ಎಂದು. ಆಚೆ ಕಡೆ ಸುತ್ತುತ್ತಿದ್ದವನಿಗೂ ಜೊತೆಗಾರ ಎಲ್ಲಿದ್ದಾನೆ ಎಂದು ತಿಳಿಯುತ್ತಿತ್ತು. ಆ ಕಾವಲಲ್ಲಿ ಕೈಯಲ್ಲಿ ಗಿಟಾರ್ ಎಲ್ಲಿಂದ ಬರಬೇಕು? ಬರೀ ಗಂಟಲು. ಮೌತ್ ಆರ್ಗನ್, ಪಿಟೀಲು ಇದ್ದರೆ ಅದು ಬಿಡಾರದ ಬೆಂಕಿಯ ಹತ್ತಿರ.

ಇದು ಮನಸ್ಸಿಗೆ ಹತ್ತಿದ ಮೇಲೆ ಮೈಕ್ ಬಿಟ್ಟೆ. ಅದಕ್ಕೆ ಮುಂಚೆ ಒಂದು ಕಾಫಿ ಅಂಗಡಿಯಲ್ಲಿ ಸ್ಪೀಕರ್ ಹಾಕಿ ಹಾಡಿದ್ದೆ. ನಾನು ದನಿ ಏರಿಸಿದಷ್ಟೂ ಜನ ಮಾತು ಏರಿಸಿದರು. ರಾತ್ರಿ ಕಾವಲಿನ ಹಾಡನ್ನು ನಾನು ಹೆಚ್ಚುಕಡಿಮೆ ಕಿರುಚುತ್ತಿದ್ದೆ. ಮನೆಗೆ ಬಂದು ಅವತ್ತು ಊಟ ಸೇರಲಿಲ್ಲ. ಈಗ 30 ಜನಕ್ಕಿಂತ ಜಾಸ್ತಿ ಇರುವ ಕಡೆ ಹಾಡುವುದಿಲ್ಲ. ಕುರ್ಚಿಗಳನ್ನು ಅರ್ಧ ಸುತ್ತು ಹಾಕಿಸಿ, ಫ್ಯಾನ್, ಫ್ರಿಜ್ ಸದ್ದು ಮಾಡುತ್ತಿದ್ದರೆ ಆರಿಸಲು ಕೇಳುತ್ತೇನೆ. ಮೊದಲ ಹಾಡನ್ನು ವಾದ್ಯ ಇಲ್ಲದೆ, ಮೆಲ್ಲಗೆ ಶುರು ಮಾಡುತ್ತೇನೆ. ಕೇಳಬೇಕಾದರೆ ಜನ ಸುಮ್ಮನಾಗಲೇಬೇಕು. ಎರಡನೇ ನುಡಿಗೆ ಬರುವಷ್ಟರಲ್ಲಿ ಸುಮ್ಮನಾಗುತ್ತಾರೆ.

ಗಿಟಾರ್ ಬಗ್ಗೆ ಎರಡು ಮಾತು ಹೇಳಬೇಕು. ನೆವಾಡಾದ ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯ ಗಾಳಿ ಸುಟ್ಟ ಹಪ್ಪಳದ ಹಾಗೆ ಒಣಗಿರುತ್ತದೆ. ಗಿಟಾರಿನ ಮರಕ್ಕೆ 45ರಿಂದ 50 ಶೇಕಡಾ ತೇವ ಇರುವ ಗಾಳಿ ಬೇಕು. ಮೊದಲ ವರ್ಷ ನನಗಿದು ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಪೆಟ್ಟಿಗೆ ತೆರೆದರೆ ಮುಖದ ಹಲಗೆಯಲ್ಲಿ, ತಂತಿ ಕಟ್ಟುವ ಪಟ್ಟಿಯಿಂದ ಕೆಳಕ್ಕೆ ಕೂದಲೆಳೆಯಷ್ಟು ಬಿರುಕು. ಬೆರಳಿಟ್ಟು ಸವರಿದರೆ ಉಗುರಿಗೆ ಸಿಕ್ಕುತ್ತಿತ್ತು. ರಿಪೇರಿ ಮಾಡಿಸಿದೆ, ಆದರೆ ಗೆರೆ ಇನ್ನೂ ಇದೆ. ಈಗ ಪ್ಲಾಸ್ಟಿಕ್ ಸೋಪಿನ ಡಬ್ಬಿಗೆ ತೂತು ಹಾಕಿ, ಒಳಗೆ ಹಿಂಡಿದ ಒದ್ದೆ ಸ್ಪಾಂಜ್ ಇಟ್ಟು, ಗಿಟಾರಿನ ಪೆಟ್ಟಿಗೆಯಲ್ಲಿ ಕತ್ತಿನ ಕೆಳಗೆ ಇಡುತ್ತೇನೆ. ಎರಡು ದಿನಕ್ಕೊಮ್ಮೆ ಒದ್ದೆ ಮಾಡುವುದು. ಹೊಸದಾಗಿ ಕಲಿಯುವವರಿಗೆ ಮೊದಲು ಹೇಳಿಕೊಡುವುದು ಇದನ್ನೇ.

ನುಡಿಸುವುದು ಸುಲಭ. ಬಹಳ ಹಾಡುಗಳಿಗೆ ಜಿ, ಸಿ, ಡಿ ಎಂಬ ಮೂರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಸಾಕು. ನನ್ನ ಶ್ರುತಿಗೆ ಎರಡನೇ ಮನೆಯಲ್ಲಿ ಕೇಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್ಪು) ಹಾಕುತ್ತೇನೆ. ಹೆಬ್ಬೆರಳಿನಿಂದ ದಪ್ಪ ತಂತಿ ಒಂದು ಸಲ ಮೀಟಿ, ಉಳಿದ ಬೆರಳಿನಿಂದ ತೆಳು ತಂತಿಗಳನ್ನು ಸವರುವುದು. ರಾತ್ರಿಯ ಹಾಡಿಗೆ ಪಿಕ್ (ತಂತಿ ಮೀಟುವ ಬಿಲ್ಲೆ) ಬೇಡ, ಬೆರಳಿನ ಮಾಂಸದ ಸದ್ದೇ ಬೇಕು. ಯೋಡಲಿಂಗ್ ಮಾತ್ರ ನನ್ನನ್ನು ಸತಾಯಿಸಿತು. ಎದೆಯ ದನಿಯಿಂದ ತಲೆಯ ದನಿಗೆ ಜಿಗಿಯುವಾಗ ಒಡೆಯುವ ಆ ಒಡಕನ್ನು ಮುಚ್ಚಬಾರದು, ಅದೇ ಅದರ ರುಚಿ. ಹೆದ್ದಾರಿಯಲ್ಲಿ ಕಾರಿನ ಗಾಜು ಏರಿಸಿಕೊಂಡು ಒಂದು ವರ್ಷ ಕಲಿತೆ.

ಹಾಡಿನ ಮಾತುಗಳಿಗೆ ಇನ್ನೂ ಜಾಸ್ತಿ ಹೊತ್ತು ಹಿಡಿಯಿತು. ಒಂದು ಹಾಡಿನಲ್ಲಿ ದನ ಹೊಡೆಯುವವನು 'ಡೋಗಿ'ಗಳಿಗೆ ಮುಂದೆ ನಡೆಯಿರಿ ಎನ್ನುತ್ತಾನೆ. ಡೋಗಿ ಅಂದರೆ ತಾಯಿ ಇಲ್ಲದ ಕರು. ಆ ಹಾಡಿನ ಬೇರು ಐರ್ಲೆಂಡಿನ ಒಂದು ತೊಟ್ಟಿಲ ಹಾಡಿನಲ್ಲಿದೆ ಎಂದು ಬಲ್ಲವರು ಹೇಳುತ್ತಾರೆ. ಫೋನಿನಲ್ಲಿ ಅಮ್ಮನಿಗೆ ಹಾಡಿ ಕೇಳಿಸಿದೆ. "ಡೋಗಿ ಅಂದ್ರೆ ಏನೇ?" ಎಂದು ಕೇಳಿದಳು. ತಬ್ಬಲಿ ಕರು ಎಂದೆ. "ಅಯ್ಯೋ, ಪುಣ್ಯಕೋಟಿ ಕರುವಿನ ಹಾಗಾ?" ಎಂದವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇನ್ನೊಂದ್ಸಲ ಹಾಡು" ಎಂದಳು. ಈಗ ಸಭೆಯಲ್ಲಿ ಆ ಹಾಡಿಗೆ ಮುಂಚೆ ಡೋಗಿ ಅಂದರೇನು ಎಂದು ಹೇಳಿಯೇ ಹಾಡುತ್ತೇನೆ. ಅಮೆರಿಕದವರಲ್ಲೂ ತುಂಬಾ ಜನಕ್ಕೆ ಅದು ಗೊತ್ತಿರುವುದಿಲ್ಲ. ನಾಯಿ ಅಂದುಕೊಂಡಿರುತ್ತಾರೆ.

ಇಂಡಿಯಾದವಳಿಗೆ ಈ ಹಾಡು ಯಾಕೆ ಎಂದು ಕೇಳುವವರೂ ಇದ್ದಾರೆ. ಬೇಜಾರಿಲ್ಲ, ಹೇಳುತ್ತೇನೆ. ನೆವಾಡಾದಲ್ಲಿ ಕೌಬಾಯ್‌ಗಳು ತಮ್ಮನ್ನು 'ಬಕರೂ' ಎಂದು ಕರೆದುಕೊಳ್ಳುತ್ತಾರೆ. ಅದು ಸ್ಪ್ಯಾನಿಷ್‌ನ 'ವಕೇರೋ' ಪದ, ದನದವನು ಎಂದರ್ಥ. ರೋಡಿಯೋ (ದನ, ಕುದುರೆ ಪಳಗಿಸುವ ಆಟ), ಲಾರಿಯಟ್ (ದನ ಹಿಡಿಯುವ ಹಗ್ಗ) ಎಂಬ ಪದಗಳೂ ಅಲ್ಲಿಂದಲೇ ಬಂದವು, ಕೆಲಸವೂ ಮೆಕ್ಸಿಕೋದವರಿಂದ ಕಲಿತದ್ದು. ಟೆಕ್ಸಾಸ್‌ನಿಂದ ದನ ಹೊಡೆದವರಲ್ಲಿ ಕಪ್ಪು ಜನ ಬಹಳ ಇದ್ದರು. ಟೆಕ್ಸಾಸ್‌ನ ಲರೇಡೋ ಊರಿನ ಬೀದಿಯಲ್ಲಿ ಸಾಯುವ ಕೌಬಾಯ್ ಹಾಡಿನ ಮೂಲ ಬ್ರಿಟನ್, ಐರ್ಲೆಂಡಿನ ಹಳೆಯ ಲಾವಣಿ. ಈ ಹಾಡುಗಳನ್ನು ಹುಡುಕಿ ಬರೆದಿಟ್ಟವರಲ್ಲಿ ಮೊದಲಿಗರು ಜ್ಯಾಕ್ ಥಾರ್ಪ್. 1908ರಲ್ಲಿ ನ್ಯೂ ಮೆಕ್ಸಿಕೋದ ಎಸ್ಟಾನ್ಸಿಯಾದಲ್ಲಿ 23 ಹಾಡುಗಳ ಚಿಕ್ಕ ಪುಸ್ತಕ ಅಚ್ಚು ಹಾಕಿಸಿದರು. 1910ರಲ್ಲಿ ಜಾನ್ ಲೋಮ್ಯಾಕ್ಸ್ ಅವರ ದೊಡ್ಡ ಸಂಗ್ರಹ ಬಂತು. ಈಗ ಜಗತ್ತೆಲ್ಲ ಹಾಡುವ 'ಹೋಮ್ ಆನ್ ದ ರೇಂಜ್' ಹಾಡನ್ನು ಲೋಮ್ಯಾಕ್ಸ್‌ಗೆ ಹಾಡಿ ಕೊಟ್ಟವನು ಸ್ಯಾನ್ ಆಂಟೋನಿಯೋದ ಒಬ್ಬ ಕಪ್ಪು ಮನುಷ್ಯ. ಹಿಂದೆ ದನದ ಹಿಂಡಿನ ಜೊತೆ ಅಡುಗೆಯವನಾಗಿ ಹೋಗಿದ್ದವನು. ಆ ಹಾಡಿಗೆ ಮುಂಚೆ ಅವನನ್ನು ನೆನೆಯುತ್ತೇನೆ.

ಚಳಿಗಾಲದಲ್ಲಿ ನೆವಾಡಾದ ಎಲ್ಕೋ ಊರಿಗೆ ಹೋಗುತ್ತೇನೆ. ರೀನೋದಿಂದ ಸುಮಾರು 290 ಮೈಲಿ. 1985ರಿಂದ ಅಲ್ಲಿ ಕೌಬಾಯ್ ಕವಿಗಳು, ಹಾಡುಗಾರರು ಸೇರುತ್ತಾರೆ. ಚಳಿಗಾಲವೇ ಯಾಕೆ ಅಂದರೆ ಆಗ ರಾಂಚಿನ ಕೆಲಸ ಕಡಿಮೆ. ವೇದಿಕೆಯ ಕಾರ್ಯಕ್ರಮ ಚೆನ್ನಾಗಿಯೇ ಇರುತ್ತದೆ. ಆದರೆ ನಾನು ಕಲಿತದ್ದು ರಾತ್ರಿ ಹೋಟೆಲಿನ ಮೂಲೆಯಲ್ಲಿ ಐದಾರು ಜನ ಕೂತು ಹಾಡುವಾಗ. ಅಲ್ಲಿ ಒಬ್ಬರು ಹಾಡಿದರೆ ಇನ್ನೊಬ್ಬರು, "ನಮ್ಮ ತಂದೆ ಈ ನುಡಿ ಬೇರೆ ಥರ ಹಾಡ್ತಿದ್ರು" ಎನ್ನುತ್ತಾರೆ. ನನಗೆ ಬೇಕಾದದ್ದು ಆ ಬೇರೆ ಥರವೇ. ಕೇಳಿ, ಒಪ್ಪಿಗೆ ಪಡೆದು, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ: ಯಾರಿಂದ, ಎಲ್ಲಿ, ಯಾವತ್ತು. ಮಟ್ಟು ಮರೆಯದ ಹಾಗೆ ಫೋನಿನಲ್ಲಿ ಗುನುಗಿ ಇಟ್ಟುಕೊಳ್ಳುತ್ತೇನೆ. ರೆಕಾರ್ಡುಗಳಿಂದಲೂ ಕಲಿಯಬಹುದು, ಕಲಿತಿದ್ದೇನೆ. ಆದರೆ ಎಲ್ಲರೂ ಅದೇ ನಾಲ್ಕು ರೆಕಾರ್ಡು ಕೇಳಿ ಕಲಿತರೆ ಎಲ್ಲರ ಬಾಯಲ್ಲೂ ಒಂದೇ ಹಾಡು ಉಳಿಯುತ್ತದೆ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿರುವುದು ವೃದ್ಧಾಶ್ರಮದ ಅಜ್ಜ ಕೊಟ್ಟ ನುಡಿ. ಆ ಹಾಡಿನಲ್ಲಿ ಒಂದು ಕಡೆ ಕುದುರೆಯ ಹೆಸರು ಬರುತ್ತದೆ. ನಾನು ನೋಡಿದ ಪುಸ್ತಕಗಳಲ್ಲಿ ಬೇರೆ ಹೆಸರಿದೆ. ಅಜ್ಜ ಅದನ್ನು ತೆಗೆದು ತನ್ನ ಕುದುರೆಯ ಹೆಸರು ಹಾಕಿಕೊಂಡಿದ್ದರು. ಅವರು ಹೋಗಿ ಮೂರು ವರ್ಷವಾಯಿತು. ಆ ಹೆಸರಿಟ್ಟು ಈಗ ಇಬ್ಬರು ಹಾಡುತ್ತೇವೆ. ಒಬ್ಬಳು ನಾನು. ಇನ್ನೊಬ್ಬಳು ಶನಿವಾರ ನನ್ನ ಹತ್ತಿರ ಗಿಟಾರ್ ಕಲಿಯಲು ಬರುವ 11 ವರ್ಷದ ಪಕ್ಕದ ಮನೆ ಹುಡುಗಿ.