ಒಂದು ದಿನ, ಹಸಿರು ಮೆಟ್ರೊ, ಹೊಟ್ಟೆ ತುಂಬ ಬೆಂಗಳೂರು

ಬೆಂಗಳೂರು ನೋಡಲು ಬರುವವರು ಮೊಬೈಲಿನಲ್ಲಿ ಹತ್ತು ಹೋಟೆಲು ಗುರುತು ಮಾಡಿಕೊಂಡಿರುತ್ತಾರೆ. ಒಂದು ಮಲ್ಲೇಶ್ವರದಲ್ಲಿ, ಇನ್ನೊಂದು ಇಂದಿರಾನಗರದಲ್ಲಿ, ಮತ್ತೊಂದು ಜಯನಗರದಲ್ಲಿ. ಅರ್ಧ ದಿನ ಆಟೊದಲ್ಲೇ ಮುಗಿಯುತ್ತದೆ. ಹೋಗಿ ನಿಂತರೆ ಬಾಗಿಲು ಹಾಕಿರುತ್ತದೆ! ಇಲ್ಲಿನ ಹಳೇ ಅಂಗಡಿ, ಹೋಟೆಲುಗಳು ಗಿರಾಕಿಯ ಹೊತ್ತಿಗೆ ಕಾಯುವುದಿಲ್ಲ. ಅವುಗಳ ಹೊತ್ತಿಗೆ ನಾವು ಹೋಗಬೇಕು. ಪಟ್ಟಿ ಬಿಡಿ, ಮೆಟ್ರೊದ ಹಸಿರು ಮಾರ್ಗ ಹಿಡಿಯಿರಿ. ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ, ನ್ಯಾಷನಲ್ ಕಾಲೇಜು: ಪಕ್ಕಪಕ್ಕದ ಈ ಮೂರು ನಿಲ್ದಾಣ ಒಂದು ದಿನಕ್ಕೆ ಸಾಕು.

ಮೊದಲು ವಾರ ನೋಡಿ

ಭಾನುವಾರ ಬೇಡ, ಚಿಕ್ಕಪೇಟೆಯ ಬಹುಪಾಲು ಅಂಗಡಿಗಳಿಗೆ ರಜೆ. ಶುಕ್ರವಾರ ಗಾಂಧಿ ಬಜಾರಿನ ದೋಸೆ ಹೋಟೆಲು ವಿದ್ಯಾರ್ಥಿ ಭವನಕ್ಕೆ ರಜೆ. ಶನಿವಾರ ಎಲ್ಲ ತೆರೆದಿದ್ದರೂ ದೋಸೆಗೆ ಕಾದು ಕಾದು ಕಾಲು ನೋಯುತ್ತದೆ. ಮಂಗಳವಾರದಿಂದ ಗುರುವಾರದ ಒಳಗೆ ಒಂದು ದಿನ ಇಟ್ಟುಕೊಳ್ಳಿ. ಕಳಚಿ ಹಾಕಲು ಸುಲಭವಾದ ಚಪ್ಪಲಿ, ಬಟ್ಟೆ ಚೀಲ, ಸ್ವಲ್ಪ ಚಿಲ್ಲರೆ ಜೊತೆಗಿರಲಿ. ಯುಪಿಐ ಹೆಚ್ಚಿನ ಕಡೆ ನಡೆಯುತ್ತದೆ, ಆದರೆ ಮಾರುಕಟ್ಟೆಯ ಜನಜಂಗುಳಿಯಲ್ಲಿ ಫೋನ್ ತೆಗೆದು ಸ್ಕ್ಯಾನ್ ಮಾಡುವುದಕ್ಕಿಂತ ಹತ್ತರ ನೋಟು ಕೊಡುವುದೇ ಬೇಗ.

ಬೆಳಿಗ್ಗೆ ಆರಕ್ಕೆ ಹೂವು

ಕೆ.ಆರ್. ಮಾರುಕಟ್ಟೆಯ ಹೂವಿನ ವ್ಯಾಪಾರ ಸೂರ್ಯ ಏರುವ ಮೊದಲೇ ಜೋರಾಗಿರುತ್ತದೆ. ಒಳಗೆ ಹೋಗಿ ಮೆಟ್ಟಿಲು ಹತ್ತಿ, ಮೇಲಿನಿಂದ ಕೆಳಗೆ ನೋಡಿ. ಸೇವಂತಿಗೆ, ಚೆಂಡು ಹೂವು, ಕನಕಾಂಬರ ರಾಶಿ ರಾಶಿಯಾಗಿ ಬಿದ್ದಿರುತ್ತವೆ. ಬಿಡಿ ಹೂವು ಕೆ.ಜಿ. ಲೆಕ್ಕ, ಕಟ್ಟಿದ ಹೂವು ಮೊಳ ಇಲ್ಲವೇ ಮಾರಿನ ಲೆಕ್ಕ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಮಾತ್ರ ಬೆಲೆ ಕೇಳಲೇಬೇಡಿ. ತಲೆ ಮೇಲೆ ಮೂಟೆ ಹೊತ್ತವರು "ಸೈಡು, ಸೈಡು" ಎಂದರೆ ತಕ್ಷಣ ದಾರಿ ಬಿಡಿ. ಅದು ಅವರ ದುಡಿಮೆಯ ಜಾಗ, ನಮ್ಮ ಫೋಟೊ ಆಮೇಲೆ.

ತಿಂಡಿಗೆ ಒಂದು ಸ್ಟೇಷನ್ ದೂರ

ನ್ಯಾಷನಲ್ ಕಾಲೇಜಿನಲ್ಲಿ ಇಳಿದು ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ನಡೆದೇ ಹೋಗಬಹುದು. 1965ರಿಂದ ಇರುವ ಪುಟ್ಟ ಜಾಗ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಅಷ್ಟೇ. ಸಾಂಬಾರ್ ಕೇಳಬೇಡಿ, ಕೊಡುವುದಿಲ್ಲ. ಚಟ್ನಿ ಎಷ್ಟು ಸಲ ಬೇಕಾದರೂ ಹಾಕುತ್ತಾರೆ. ಮೊದಲು ದುಡ್ಡು ಕೊಡುವುದು, ಆಮೇಲೆ ತಟ್ಟೆ, ನಿಂತೇ ತಿನ್ನುವುದು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದ ಮೇಲೆ ಊರ ತುಂಬ ಹರಡಿದ ದರ್ಶಿನಿಗಳಲ್ಲೂ ಇದೇ ಕ್ರಮ. ಹೊಟ್ಟೆಯಲ್ಲಿ ಜಾಗ ಉಳಿಸಬೇಕಲ್ವಾ? "ಬೈಟು ಕಾಫಿ" ಅನ್ನಿ, ಒಂದು ಕಾಫಿಯನ್ನು ಎರಡು ಲೋಟಕ್ಕೆ ಮಾಡಿ ಕೊಡುತ್ತಾರೆ. ಯಾರೂ ಜಿಪುಣ ಅಂದುಕೊಳ್ಳುವುದಿಲ್ಲ.

ಹನ್ನೊಂದರ ಮೇಲೆ ಪೇಟೆ

ಚಿಕ್ಕಪೇಟೆಗೆ ಬೇಗ ಹೋಗಿ ಪ್ರಯೋಜನವಿಲ್ಲ. ಹತ್ತೂವರೆಗೆ ಷಟರ್ ಏಳುತ್ತದೆ, ಪೂಜೆ ಆಗುತ್ತದೆ, ವ್ಯಾಪಾರ ಆಮೇಲೆ. ಬೋಣಿ ಆಗದ ಅಂಗಡಿಯಲ್ಲಿ ಸುಮ್ನೆ ಬೆಲೆ ಕೇಳಿ ಎದ್ದು ಬಂದರೆ ಮುಖ ಗಂಟಿಕ್ಕುತ್ತಾರೆ.

ಇದು ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಊರು. ಅಕ್ಕಿಪೇಟೆ, ಅರಳೆಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ: ಹೆಸರಿನಲ್ಲೇ ಕಸುಬು ಇದೆ. ಈಗ ಎಷ್ಟೋ ಕಸುಬು ಬದಲಾಗಿದೆ. ಆದರೂ ಒಂದು ಬೀದಿಗೆ ಒಂದು ಸರಕು ಎನ್ನುವ ಅಭ್ಯಾಸ ಹೋಗಿಲ್ಲ. ರೇಷ್ಮೆ ಸೀರೆಗೆ ಚಿಕ್ಕಪೇಟೆ. ತಬಲಾ, ಹಾರ್ಮೋನಿಯಂ, ವೀಣೆಗೆ ಬಳೇಪೇಟೆ. ಹಳೇ ಪುಸ್ತಕಕ್ಕೆ ಅವೆನ್ಯೂ ರಸ್ತೆ, ಅದೇ ಹಿಂದಿನ ದೊಡ್ಡಪೇಟೆ. ಕಂಪ್ಯೂಟರ್ ಬಿಡಿಭಾಗಗಳಿಗೆ ಎಸ್.ಪಿ. ರಸ್ತೆ. ಏನೂ ಕೊಳ್ಳದಿದ್ದರೂ ಬಳೇಪೇಟೆ ತಪ್ಪಿಸಬೇಡಿ. ತಬಲಾಕ್ಕೆ ಚರ್ಮ ಬಿಗಿಯುವುದನ್ನು ನೋಡುತ್ತ ನಿಂತರೆ ಬೇಡ ಅನ್ನುವವರಿಲ್ಲ.

ಸೀರೆ ಕೊಳ್ಳುವವರಿಗೆ ಎರಡು ಮಾತು. "ಬನ್ನಿ ಅಕ್ಕ, ನಮ್ಮಲ್ಲಿ ನೋಡಿ" ಎಂದು ಬೀದಿಯಲ್ಲೇ ಕರೆಯುವವರ ಹಿಂದೆ ಹೋಗಬೇಡಿ, ಅವರ ಕಮಿಷನ್ ನಿಮ್ಮ ಬಿಲ್ಲಿನಲ್ಲೇ ಸೇರುತ್ತದೆ. ಅಪ್ಪಟ ರೇಷ್ಮೆ ಎಂದರೆ ಸಿಲ್ಕ್ ಮಾರ್ಕ್ ಚೀಟಿ ಕೇಳಿ. ಹಾಸಿನ ಮೇಲೆ ಕೂರಿಸಿ ಐವತ್ತು ಸೀರೆ ಬಿಡಿಸಿದರು ಎಂದು ಸಂಕೋಚಕ್ಕೆ ಒಂದು ಕೊಳ್ಳಬೇಕಿಲ್ಲ. ಮಡಿಸುವುದೂ ಅವರ ಕೆಲಸವೇ. ಆದರೆ ಬಜೆಟ್ ಎಷ್ಟು ಅಂತ ಮೊದಲೇ ಹೇಳಿಬಿಡಿ, ಇಬ್ಬರಿಗೂ ಸಮಯ ಉಳಿಯುತ್ತದೆ.

ಊಟ ಒಂದೂವರೆ ಒಳಗೆ

ಮಾಂಸಾಹಾರಿಗಳಾದರೆ ಪೇಟೆಯ ಸುತ್ತಮುತ್ತ ಮಿಲಿಟರಿ ಹೋಟೆಲ್ ಹುಡುಕಿ. ಮುದ್ದೆ, ಕಾಲು ಸೂಪು, ಚಾಪ್ಸ್, ದೊನ್ನೆ ಬಿರಿಯಾನಿ. ತಡ ಮಾಡಿದರೆ ಒಂದೊಂದೇ ಪದಾರ್ಥ "ಖಾಲಿ" ಅನ್ನುತ್ತಾರೆ. ಮುದ್ದೆಯನ್ನು ಅಗಿಯಬೇಡಿ, ಮುರಿದು ಸಾರಿನಲ್ಲಿ ಅದ್ದಿ ನುಂಗಿ. ಸಸ್ಯಾಹಾರಿಗಳು ಇಲ್ಲಿ ಲಘುವಾಗಿ ಮುಗಿಸಿ, ಮುಂದೆ ದೋಸೆ ಇದೆ.

ನಾಲ್ಕಕ್ಕೆ ಗಾಂಧಿ ಬಜಾರ್

ಮತ್ತೆ ನ್ಯಾಷನಲ್ ಕಾಲೇಜಿಗೆ ಬಂದು ಗಾಂಧಿ ಬಜಾರಿಗೆ ನಡೆಯಿರಿ. 1943ರಲ್ಲಿ ಶುರುವಾದ ವಿದ್ಯಾರ್ಥಿ ಭವನ ಮಧ್ಯಾಹ್ನ ಬಿಡುವು ಕೊಟ್ಟು ಮತ್ತೆ ತೆರೆಯುತ್ತದೆ. ನಾಲ್ಕರ ಹೊತ್ತಿಗೆ ನೂಕುನುಗ್ಗಲು ಕಡಿಮೆ. ಗುರುತಿಲ್ಲದವರ ಜೊತೆ ಒಂದೇ ಮೇಜಿನಲ್ಲಿ ಕೂರಬೇಕಾಗುತ್ತದೆ, ಬೇಜಾರು ಬೇಡ. ಗೋಡೆಯ ಮೇಲಿನ ಕನ್ನಡ ಸಾಹಿತಿಗಳ ಚಿತ್ರ ನೋಡುತ್ತಿರುವಾಗಲೇ ತೋಳಿನ ತುಂಬ ದೋಸೆ ತಟ್ಟೆ ಜೋಡಿಸಿಕೊಂಡು ಬರುತ್ತಾರೆ. ಹೊರಗೆ ಕುರುಕಲು ತಿಂಡಿಗೆ ಸುಬ್ಬಮ್ಮನ ಅಂಗಡಿ ಇದೆ: ಹುರಿಗಾಳು, ಹಪ್ಪಳ, ಸಂಡಿಗೆ, ಚಟ್ನಿಪುಡಿ. ಊರಿಗೆ ಒಯ್ಯುವ ಖರೀದಿಯೆಲ್ಲ ಇಲ್ಲೇ ಮಾಡಿ. ಕಾರ್ತಿಕದ ಕೊನೆಯ ಸೋಮವಾರ ಪಕ್ಕದ ದೊಡ್ಡ ಬಸವಣ್ಣನ ಗುಡಿಯ ಬಳಿ ಕಡಲೆಕಾಯಿ ಪರಿಷೆ. ಆಗ ಬಂದರೆ ಈ ಯೋಜನೆಯನ್ನೆಲ್ಲ ಬಿಟ್ಟು ಅಲ್ಲೇ ಸುತ್ತಿ.

ಕತ್ತಲಾದ ಮೇಲೆ

ವಿ.ವಿ. ಪುರಂನ ತಿಂಡಿ ಬೀದಿಗೆ ಏಳರ ಮೇಲೆ ಕಳೆ. ಮೊದಲು ಏನೂ ತಿನ್ನದೆ ಒಂದು ಸುತ್ತು ಹಾಕಿ. ಆಮೇಲೆ ಹೋಳಿಗೆ, ಗುಲ್ಕನ್, ಖಾರದ ಕಡಲೆಬೀಜ ತುಂಬಿದ ವಿ.ಬಿ. ಬೇಕರಿಯ ಕಾಂಗ್ರೆಸ್ ಬನ್ನು, ಎಲ್ಲ ಹಂಚಿಕೊಂಡು ತಿನ್ನಿ. ಅವರೆಕಾಯಿ ಕಾಲದಲ್ಲಿ ಬಂದರೆ ಅವರೆಬೇಳೆ ದೋಸೆಗೇ ಮೊದಲ ಜಾಗ. ರಾತ್ರಿ ಬಸ್ಸಿಗೆ ಊರಿಗೆ ಹೊರಡುವವರಿಗೆ ನ್ಯಾಷನಲ್ ಕಾಲೇಜಿನಿಂದ ಮೆಜೆಸ್ಟಿಕ್ ಮೂರೇ ಸ್ಟೇಷನ್. ಅಲ್ಲಿ ಇಳಿದ ಮೇಲೆ ಬಸ್ ನಿಲ್ದಾಣಕ್ಕೆ ಒಂದಿಷ್ಟು ನಡೆಯಬೇಕು, ಆ ತಿಂಡಿ ಚೀಲದ ಭಾರ ನೆನಪಿಟ್ಟುಕೊಂಡು ಅರ್ಧ ಗಂಟೆ ಮೊದಲೇ ಹೊರಡಿ.