ಮಳೆಯಲ್ಲಿ ಫೇಲ್ ಆಗುವ ಟ್ರ್ಯಾಕ್ ಸರ್ಕ್ಯೂಟ್: ನಾನು ಮಾಡುವ ಕ್ರಮ

ಟ್ರ್ಯಾಕ್ ಸರ್ಕ್ಯೂಟ್ ಎಂದರೆ ಲೈನಿನಲ್ಲಿ ಗಾಡಿ ಇದೆಯೇ ಎಂದು ತಿಳಿಸುವ ವ್ಯವಸ್ಥೆ: ಒಂದು ತುದಿಯಲ್ಲಿ (ಫೀಡ್ ಎಂಡ್) ಬ್ಯಾಟರಿಯಿಂದ ಹಳಿಗಳಿಗೆ ಕರೆಂಟ್ ಕೊಡುತ್ತೇವೆ, ಇನ್ನೊಂದು ತುದಿಯಲ್ಲಿ (ರಿಲೇ ಎಂಡ್) ಅದು ರಿಲೇಯನ್ನು ಎತ್ತಿ ಹಿಡಿಯುತ್ತದೆ (ಪಿಕಪ್). ಗಾಡಿ ಬಂದರೆ ಕರೆಂಟ್ ಗಾಲಿಗಳ ಮೂಲಕ ಹರಿದು ರಿಲೇ ಬೀಳುತ್ತದೆ (ಡ್ರಾಪ್), ಸ್ಟೇಷನ್ನಿನ ಪ್ಯಾನೆಲ್ ಮೇಲೆ ಆ ಲೈನು ಕೆಂಪಗಾಗುತ್ತದೆ. ಜೋರು ಮಳೆಯಲ್ಲಿ ಖಾಲಿ ಲೈನೇ ಹೀಗೆ ಕೆಂಪಗಾದರೆ, ಎಲ್ಲರ ಕೈ ಮೊದಲು ಹೋಗುವುದು ಫೀಡ್ ಎಂಡ್‌ನ ವೇರಿಯಬಲ್ ರೆಸಿಸ್ಟೆನ್ಸ್ ಕಡೆಗೆ. ಸ್ವಲ್ಪ ಇಳಿಸಿದರೆ ರಿಲೇ ಪಿಕಪ್ ಆಗುತ್ತದೆ, ಗಾಡಿ ಹೊರಡುತ್ತದೆ. ನಾನು ಅದನ್ನು ಕಟ್ಟಕಡೆಗೆ ಮುಟ್ಟುತ್ತೇನೆ.

ಕಾರಣ ಸರಳ ಲೆಕ್ಕ. ಡಿಸಿ ಟ್ರ್ಯಾಕ್ ಸರ್ಕ್ಯೂಟ್‌ನಲ್ಲಿ ಗಾಡಿಯ ಗಾಲಿ, ಅಚ್ಚುಗಳನ್ನು 0.5 ಓಮ್ ಶಂಟ್ (ಎರಡು ಹಳಿಗಳ ನಡುವೆ ಕರೆಂಟಿಗೆ ಅಡ್ಡದಾರಿ) ಎಂದು ಹಿಡಿಯುತ್ತೇವೆ. ಸರಣಿಯಲ್ಲಿ 5 ಓಮ್ ಇದ್ದರೆ, ಶಂಟ್ ಬಿದ್ದಾಗ ಹಳಿಯಲ್ಲಿ ಉಳಿಯುವುದು ಬ್ಯಾಟರಿ ವೋಲ್ಟೇಜಿನ ಹನ್ನೊಂದನೇ ಒಂದು ಪಾಲು. ಅದನ್ನೇ 1 ಓಮ್‌ಗೆ ಇಳಿಸಿದರೆ ಮೂರನೇ ಒಂದು ಪಾಲು! ಮಳೆಯಲ್ಲಿ ಜಲ್ಲಿ ಕರೆಂಟ್ ಕುಡಿಯುವುದರಿಂದ ಇದು ಕಾಣುವುದಿಲ್ಲ. ನೆಲ ಒಣಗಿದ ಮೇಲೆ ಗಾಡಿ ನಿಂತಿದ್ದರೂ ರಿಲೇ ಡ್ರಾಪ್ ಆಗದೆ ಇರಬಹುದು. ಫೇಲ್ ಆದ ಟ್ರ್ಯಾಕ್ ಗಾಡಿ ನಿಲ್ಲಿಸುತ್ತದೆ, ಅಷ್ಟೇ. ಡ್ರಾಪ್ ಆಗದ ರಿಲೇ ಗಾಡಿ ನಿಂತ ಲೈನನ್ನೇ ಖಾಲಿ ಎಂದು ತೋರಿಸುತ್ತದೆ; ಮುಂದೇನಾಗಬಹುದೆಂದು ಹೇಳಬೇಕಿಲ್ಲ.

ಸ್ಟೇಷನ್ ಮಾಸ್ಟರ್‌ಗೆ ಡಿಸ್ಕನೆಕ್ಷನ್ ಮೆಮೊ (ಸರ್ಕ್ಯೂಟನ್ನು ಕೆಲಸಕ್ಕೆ ಬಿಡಿಸುತ್ತಿದ್ದೇನೆ ಎಂಬ ಚೀಟಿ) ಕೊಟ್ಟು, ನಾಲ್ಕು ರೀಡಿಂಗ್ ತೆಗೆಯುತ್ತೇನೆ: ಫೀಡ್ ಎಂಡ್‌ನಲ್ಲಿ ಹಳಿಯ ವೋಲ್ಟೇಜ್, ಕರೆಂಟ್, ರಿಲೇ ಎಂಡ್‌ನಲ್ಲೂ ಅವೇ ಎರಡು. ಎರಡು ವೋಲ್ಟೇಜಿನ ಸರಾಸರಿಯನ್ನು ಎರಡು ಕರೆಂಟಿನ ವ್ಯತ್ಯಾಸದಿಂದ ಭಾಗಿಸಿ, ಕಿ.ಮೀ. ಲೆಕ್ಕದ ಉದ್ದದಿಂದ ಗುಣಿಸಿದರೆ ಬ್ಯಾಲಸ್ಟ್ ರೆಸಿಸ್ಟೆನ್ಸ್, ಅಂದರೆ ಜಲ್ಲಿಯ ಮೂಲಕ ಕರೆಂಟ್ ಸೋರುವುದಕ್ಕೆ ಇರುವ ತಡೆ. ಉದಾಹರಣೆಗೆ 500 ಮೀಟರ್ ಸರ್ಕ್ಯೂಟ್, 2.7 ಮತ್ತು 2.5 ವೋಲ್ಟ್, 1.1 ಮತ್ತು 0.25 ಆಂಪಿಯರ್: 2.6 ಭಾಗಿಸು 0.85, ಗುಣಿಸು 0.5, ಅಂದರೆ ಸುಮಾರು 1.5 ಓಮ್. ಸ್ಟೇಷನ್ ಯಾರ್ಡ್‌ನಲ್ಲಿ ಕಿ.ಮೀ.ಗೆ ಕನಿಷ್ಠ 2, ಎರಡು ಸ್ಟೇಷನ್ನುಗಳ ನಡುವಿನ ಬ್ಲಾಕ್ ಸೆಕ್ಷನ್‌ನಲ್ಲಿ 4 ಓಮ್ ಬೇಕು. ಇಲ್ಲಿ ರೋಗ ಜಲ್ಲಿಯದು, ರೆಸಿಸ್ಟೆನ್ಸ್ ತಿರುಗಿಸಿ ವಾಸಿಯಾಗುವಂಥದ್ದಲ್ಲ.

ಆಮೇಲೆ ನಡೆದುಕೊಂಡೇ ನೋಡಬೇಕು. ಜಲ್ಲಿ ಹಳಿಯ ಪಾದಕ್ಕೆ ತಾಗಿದೆಯೇ? ಸುಮಾರು 50 ಮಿ.ಮೀ. ಕೆಳಗಿರಬೇಕು. ಕಾಂಕ್ರೀಟ್ ಸ್ಲೀಪರ್‌ನಲ್ಲಿ ಜಿಎಫ್‌ಎನ್ ಲೈನರ್ (ಹಳಿಗೂ ಕ್ಲಿಪ್ಪಿಗೂ ನಡುವಿನ ನೈಲಾನ್ ತುಂಡು) ಚೂರಾಗಿದ್ದರೆ ಹಳಿಯನ್ನು ಹಿಡಿದಿಡುವ ಕ್ಲಿಪ್ ನೇರವಾಗಿ ಹಳಿಗೆ ತಾಗಿ, ಸ್ಲೀಪರಿನಲ್ಲಿ ಹೂತ ಕಬ್ಬಿಣದ ಇನ್ಸರ್ಟ್ ಮೂಲಕ ಕರೆಂಟ್ ಸ್ಲೀಪರಿಗೆ ಇಳಿಯುತ್ತದೆ. ಒಂದೆರಡು ಸ್ಲೀಪರ್ ಹೀಗಾದರೆ ಏನೂ ಆಗದು. ಸಾಲಾಗಿ ಆದರೆ ಮೊದಲ ಮಳೆಗೇ ಗೊತ್ತಾಗುತ್ತದೆ. ಪ್ಲಾಟ್‌ಫಾರ್ಮ್ ಲೈನಿನಲ್ಲಿ ಕೆಸರು, ಕಸ, ನಿಂತ ನೀರು ಮುಖ್ಯ ಶತ್ರುಗಳು. ಜಲ್ಲಿ ತೆಗೆಸುವುದು, ಚರಂಡಿ ಬಿಡಿಸುವುದು ಹಳಿ ನೋಡಿಕೊಳ್ಳುವ ಪಿ-ವೇ ವಿಭಾಗದ ಕೆಲಸವಾದ್ದರಿಂದ ಅವರ ಜೊತೆಗೇ ನಡೆದು, ಸ್ಲೀಪರ್ ಲೆಕ್ಕ ಹಿಡಿದು ಬರೆದುಕೊಡುತ್ತೇನೆ. ‘ಜಲ್ಲಿ ಸರಿಯಿಲ್ಲ’ ಎಂದಷ್ಟೇ ಬರೆದ ಕಾಗದಕ್ಕೆ ಯಾರೂ ಗುದ್ದಲಿ ಎತ್ತುವುದಿಲ್ಲ.

ಎರಡು ಸರ್ಕ್ಯೂಟುಗಳನ್ನು ಬೇರ್ಪಡಿಸಲು ಕರೆಂಟ್ ದಾಟದಂತೆ ಹಳಿಗಳನ್ನು ಅಂಟಿಸಿದ ಗ್ಲೂಡ್ ಜಾಯಿಂಟ್‌ಗೆ ಬೇರೆಯದೇ ಪರೀಕ್ಷೆ. ಪಕ್ಕಪಕ್ಕದ ಸರ್ಕ್ಯೂಟ್‌ಗಳಿಗೆ ವಿರುದ್ಧ ಪೊಲಾರಿಟಿ ಕೊಟ್ಟಿರುತ್ತಾರೆ. ಎರಡೂ ಹಳಿಗೆ ಜಾಯಿಂಟ್ ಇರುವ ಕಡೆ ಪ್ರತಿ ಜಾಯಿಂಟ್‌ಗೆ ಅಡ್ಡಲಾಗಿ ಮಲ್ಟಿಮೀಟರ್ ಹಿಡಿಯಿರಿ. ಒಂದರಲ್ಲಿ ಸೊನ್ನೆ, ಇನ್ನೊಂದರಲ್ಲಿ ಎರಡೂ ಸರ್ಕ್ಯೂಟ್‌ಗಳ ವೋಲ್ಟೇಜಿನ ಮೊತ್ತ ಬಂದರೆ ಸೊನ್ನೆ ತೋರಿಸಿದ್ದು ಕೆಟ್ಟಿದೆ. ಒಂದೇ ಜಾಯಿಂಟ್ ಕೆಟ್ಟರೆ ಪ್ಯಾನೆಲ್ ಸುಮ್ಮನಿರುತ್ತದೆ, ಎರಡನೆಯದೂ ಹೋದ ದಿನ ಎರಡು ಟ್ರ್ಯಾಕ್ ಒಟ್ಟಿಗೆ ಕೆಂಪಗಾಗುತ್ತವೆ. ಎಷ್ಟೋ ಸಲ ದೋಷ ಒಳಗಿರುವುದೇ ಇಲ್ಲ: ಹಳಿಯ ತುದಿ ಜಜ್ಜಿ ಎಂಡ್ ಪೋಸ್ಟ್ (ಎರಡು ಹಳಿತುದಿಗಳ ನಡುವಿನ ಕರೆಂಟ್ ತಡೆಯುವ ತುಂಡು) ದಾಟಿ ಬಂದ ಉಕ್ಕಿನ ಎಸಳು, ಇಲ್ಲವೇ ಅಲ್ಲಿ ಕೂತ ಬ್ರೇಕ್ ಪುಡಿ. ಎಸಳನ್ನು ಕತ್ತರಿಸಿ ತೆಗೆಸಿ, ಪುಡಿಯನ್ನು ಬ್ರಷ್‌ನಿಂದ ಉಜ್ಜಿದರೆ ಸಾಕು. ಜಲ್ಲಿ ಗಟ್ಟಿಮಾಡುವ ಟ್ಯಾಂಪಿಂಗ್ ಮಷಿನ್ ಹೋದ ಮರುದಿನ ಹಳಿಗಳಿಗೆ ಕರೆಂಟ್ ಜೋಡಿಸುವ ಬಾಂಡ್ ವೈರ್, ಜಂಪರ್‌ಗಳನ್ನೂ ಕೈಯಿಂದ ಎಳೆದು ನೋಡುತ್ತೇನೆ.

ಇಷ್ಟಾದ ಮೇಲೂ ರೆಸಿಸ್ಟೆನ್ಸ್ ಬದಲಿಸಬೇಕಾದರೆ, ರಿಲೇ ವೋಲ್ಟೇಜ್ ಪಿಕಪ್‌ನ ಶೇ. 125ಕ್ಕಿಂತ ಕೆಳಗಿಳಿಯದಂತೆ ಹೊಂದಿಸಿ, ಮೆಮೊಗೆ ಸಹಿ ಹಾಕುವ ಮೊದಲು ಶಂಟ್ ಟೆಸ್ಟ್ ಮಾಡುತ್ತೇನೆ. ರಿಲೇ ಎಂಡ್, ಫೀಡ್ ಎಂಡ್, ಪಾಯಿಂಟ್ಸ್ ಇದ್ದರೆ ಕವಲಿನ ತುದಿ, ಎಲ್ಲ ಕಡೆ 0.5 ಓಮ್ ಹಾಕಿದಾಗ ರಿಲೇ ಮೇಲೆ ಉಳಿಯುವುದು ಡ್ರಾಪ್ ವೋಲ್ಟೇಜಿನ ಶೇ. 85 ಮೀರಬಾರದು. ರೀಡಿಂಗ್ ಜೊತೆ ‘ಮಳೆ’ ಅಥವಾ ‘ಒಣ’ ಎಂದು ಹಳಿ ಪಕ್ಕದ ಲೊಕೇಷನ್ ಬಾಕ್ಸ್‌ನ ಕಾರ್ಡಿನಲ್ಲಿ ಬರೆಯುತ್ತೇನೆ. ಬೇಸಿಗೆಯಲ್ಲಿ ಅದೇ ಕಾರ್ಡ್ ಹಿಡಿದು ಮತ್ತೆ ಅಳೆದಾಗ ಕ್ಯೂಬ್ಯಾಟ್ (QBAT) ಎಂಬ ಬಗೆಯ ರಿಲೇ ಮೇಲೆ ಪಿಕಪ್‌ನ ಶೇ. 300 ದಾಟಿದ್ದರೆ, ರೆಸಿಸ್ಟೆನ್ಸ್ ಏರಿಸಿ ಶಂಟ್ ಟೆಸ್ಟನ್ನು ಮೊದಲಿನಿಂದ.