ಸ್ಲಾಟ್ ಮಷೀನ್ ದುಡ್ಡು ಕೊಡೋದು ಹೇಗೆ? ಹೊಸಬರಿಗೆ ಬಿಡಿಸಿದ ಲೆಕ್ಕ

ಪಣಜಿಯ ಒಂದು ಹೋಟೆಲಿನಲ್ಲಿ ಸ್ಲಾಟ್ ಮಷೀನುಗಳ, ಅಂದರೆ ದುಡ್ಡು ಕಟ್ಟಿ ಗುಂಡಿ ಒತ್ತಿ ಆಡುವ ಜೂಜಿನ ಯಂತ್ರಗಳ, ಹಾಲ್ ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಊರು ಕಾರವಾರ. ನಾನು ಕನ್ನಡದವನು ಅಂತ ಗೊತ್ತಾದ ಕೂಡಲೇ ಹುಬ್ಬಳ್ಳಿ, ಬೆಳಗಾವಿ ಕಡೆಯವರು ಹತ್ತಿರ ಬಂದು ಮೆಲ್ಲಗೆ ಕೇಳುತ್ತಿದ್ದರು: "ಅಣ್ಣಾ, ಯಾವ ಮಷೀನ್ ಇವತ್ತ ಚಲೋ ಕೊಡಾಕತ್ತೈತಿ?" ಅಲ್ಲಿ ನಿಂತು ಹೇಳುವಷ್ಟು ಪುರಸೊತ್ತು ಇರುತ್ತಿರಲಿಲ್ಲ. ಇಲ್ಲಿ ಹೇಳುತ್ತೇನೆ.

ಹಾಗೆ ಇವತ್ತು ಕೊಡುವ ಮಷೀನ್ ಅಂತ ಯಾವುದೂ ಇಲ್ಲ. ಒಳಗೊಂದು ಚಿಪ್ ಇರುತ್ತದೆ. ಯಾರೂ ಆಡದಿದ್ದರೂ ಅದು ಒಂದೇ ಸಮನೆ ಸಂಖ್ಯೆಗಳನ್ನು ಹುಟ್ಟಿಸುತ್ತಲೇ ಇರುತ್ತದೆ, ಸೆಕೆಂಡಿಗೆ ಸಾವಿರಗಟ್ಟಲೆ. ನೀವು ಗುಂಡಿ ಒತ್ತಿದ ಗಳಿಗೆಗೆ ಯಾವ ಸಂಖ್ಯೆ ಸಿಕ್ಕಿತೋ ಅದೇ ನಿಮ್ಮ ಫಲ. ಆಮೇಲೆ ರೀಲು, ಅಂದರೆ ಚಿತ್ರಗಳಿರುವ ಚಕ್ರ, ತಿರುಗುವುದು ಬರೀ ತೋರಿಸೋದಕ್ಕೆ. ಬೆಳಗಿನಿಂದ ಯಾರಿಗೂ ಏನೂ ಬಂದಿಲ್ಲ, ಇನ್ನೇನು ಬರಲೇಬೇಕು ಅನ್ನುವುದೂ ಸುಳ್ಳು. ಹಿಂದಿನ ಆಟ ಅದಕ್ಕೆ ಲೆಕ್ಕಕ್ಕೇ ಇಲ್ಲ. ತಾವು ಎದ್ದ ಸೀಟಿನಲ್ಲಿ ಬೇರೆಯವರು ಕೂತು ಗೆದ್ದರೆ "ಅದು ನನ್ನ ದುಡ್ಡು" ಅಂತ ಕಣ್ಣಲ್ಲಿ ನೀರು ತಂದುಕೊಂಡವರನ್ನು ನೋಡಿದ್ದೇನೆ. ನಿಮ್ಮದಾಗಿರಲಿಲ್ಲ. ಅವರು ಒತ್ತಿದ ಗಳಿಗೆಯೇ ಬೇರೆ.

ಹಾಗಾದರೆ ಮನೆಯವರಿಗೆ, ಅಂದರೆ ಕ್ಯಾಸಿನೊಗೆ, ಲಾಭ ಎಲ್ಲಿಂದ? ಒಂದು ಸಣ್ಣ ಮಷೀನನ್ನು ಕಾಗದದ ಮೇಲೆ ಮಾಡಿ ನೋಡೋಣ. ಪೆನ್ನು ತಗೊಳ್ಳಿ.

ಮೂರು ರೀಲು. ಒಂದೊಂದರಲ್ಲೂ 10 ಜಾಗ: ಏಳು ಅಂಕಿಯ ಚಿಹ್ನೆ 1 ಕಡೆ, ಗಂಟೆಯ ಚಿತ್ರ 2 ಕಡೆ, ಚೆರ್ರಿ 3 ಕಡೆ, ಖಾಲಿ 4 ಕಡೆ. ಒಟ್ಟು ಎಷ್ಟು ರೀತಿ ನಿಲ್ಲಬಹುದು? 10 × 10 × 10, ಅಂದರೆ 1,000. ಅದರಲ್ಲಿ ಮೂರೂ ಏಳು ಬರುವುದು ಒಂದೇ ಸಲ. ಮೂರೂ ಗಂಟೆ 8 ಸಲ. ಮೂರೂ ಚೆರ್ರಿ 27 ಸಲ. ಕಟ್ಟಿದ ಒಂದು ರೂಪಾಯಿಗೆ ಏಳಕ್ಕೆ 300, ಗಂಟೆಗೆ 40, ಚೆರ್ರಿಗೆ 10 ರೂಪಾಯಿ ಕೊಡುತ್ತದೆ ಅಂತಿಟ್ಟುಕೊಳ್ಳಿ. 300, ಮೇಲೆ 320, ಮೇಲೆ 270. ಕೂಡಿದರೆ 890. ಸಾವಿರ ಕಟ್ಟಿದರೆ ಸರಾಸರಿ 890 ವಾಪಸ್. ಇದನ್ನೇ ಆರ್‌ಟಿಪಿ (ರಿಟರ್ನ್ ಟು ಪ್ಲೇಯರ್) ಅನ್ನುತ್ತಾರೆ. ಈ ಮಷೀನಿನ ಆರ್‌ಟಿಪಿ ಶೇಕಡಾ 89.

ಇಲ್ಲಿ ಯಾರೂ ಕಳ್ಳಾಟ ಆಡಿಲ್ಲ, ಗಮನಿಸಿ. ಮೂರೂ ಏಳು ಬರುವುದು ಸರಾಸರಿ ಸಾವಿರ ಆಟಕ್ಕೊಮ್ಮೆ, ಕೊಡುವುದು 300. ಲಾಭ ಯಾವುದಕ್ಕೆ ಎಷ್ಟು ಅನ್ನುವ ಆ ಪಟ್ಟಿಯಲ್ಲೇ ಕೂತಿದೆ. ಅದಕ್ಕೇ ಮಷೀನನ್ನು ಬಿಗಿ ಮಾಡುವ ರಹಸ್ಯ ಗುಂಡಿಯನ್ನು ಯಾರೂ ಒತ್ತಬೇಕಾಗಿಲ್ಲ.

ಈಗ ಪಟ್ಟಿಯನ್ನು ಸ್ವಲ್ಪ ಬದಲಿಸಿ. ಗಂಟೆಗೆ ಸೊನ್ನೆ, ಏಳಕ್ಕೆ 620. ಕೂಡಿ ನೋಡಿ: 620 ಮತ್ತು 270, ಮತ್ತೆ 890! ಶೇಕಡಾ ಅದೇ. ಆದರೆ ಮೊದಲಿನದರಲ್ಲಿ ಸಾವಿರಕ್ಕೆ 36 ಸಲ ಗೆಲ್ಲುತ್ತಿದ್ದಿರಿ, ಇದರಲ್ಲಿ 28 ಸಲ, ಅದೂ ಹೆಚ್ಚಿನ ಪಾಲು ಆ ಒಂದು ಏಳಿಗಾಗಿ ಕಾಯುವುದು. ಆರ್‌ಟಿಪಿ ಒಂದೇ ಆದರೂ ಒಂದು ಮಷೀನ್ ಚೂರುಪಾರು ಕೊಡುತ್ತಾ ಕೂರಿಸಿಕೊಳ್ಳುತ್ತದೆ, ಇನ್ನೊಂದು ಬೇಗ ಜೇಬು ಖಾಲಿ ಮಾಡುತ್ತದೆ. ಇದನ್ನು ವೊಲಟಿಲಿಟಿ ಅನ್ನುತ್ತಾರೆ. ಸಣ್ಣ ಗೆಲುವುಗಳೇ ಇಲ್ಲದೆ ದೊಡ್ಡದೊಂದನ್ನೇ ಎತ್ತಿ ತೋರಿಸುವ ಪಟ್ಟಿ ಕಂಡರೆ ಅದು ಎರಡನೇ ಜಾತಿಯದು.

ಎಲ್ಲರೂ ಎಡವುವುದು ಮುಂದಿನ ವಿಷಯದಲ್ಲಿ. ಶೇಕಡಾ 89 ಅಂದರೆ ನಾನು ತಂದ ಸಾವಿರದಲ್ಲಿ 890 ಉಳಿಯುತ್ತದೆ ಅಂದುಕೊಳ್ಳುತ್ತಾರೆ. ಉಳಿಯಲ್ಲ. ಯಾಕೆಂದರೆ ಬಂದ 890 ಅನ್ನೂ ಮತ್ತೆ ಹಾಕುತ್ತೀರಿ. ಎರಡನೇ ಸುತ್ತಿಗೆ 792. ಮೂರನೆಯದಕ್ಕೆ 705. ಆರು ಸುತ್ತು ಮುಗಿಯುವಾಗ ಸರಾಸರಿ 497, ಅರ್ಧಕ್ಕರ್ಧ ಹೋಯಿತು. ಸಮಯದ ಲೆಕ್ಕವನ್ನೂ ಹಾಕಿ. ಸಲಕ್ಕೆ 10 ರೂಪಾಯಿಯಂತೆ ನಿಮಿಷಕ್ಕೆ 10 ಸಲ ಒತ್ತಿದರೆ ಗಂಟೆಗೆ 6,000 ರೂಪಾಯಿ ಮಷೀನಿನೊಳಗೆ ಓಡಾಡುತ್ತದೆ. ಅದರ ಶೇಕಡಾ 11 ಅಂದರೆ 660 ರೂಪಾಯಿ. ಆ ಕುರ್ಚಿಯ ಗಂಟೆಯ ಬಾಡಿಗೆ ಅದು ಅಂತ ತಿಳಿದೇ ಕೂತುಕೊಳ್ಳಿ. ಬಜೆಟ್ ಹಾಕೋದಿದ್ದರೆ ಹಾಕಬೇಕಾದ ಲೆಕ್ಕ ಇದು. ಅದೂ ಸರಾಸರಿ. ಒಂದು ಸಂಜೆಯಲ್ಲಿ ಅದಕ್ಕಿಂತ ತುಂಬಾ ಜಾಸ್ತಿ ಹೋಗಬಹುದು.

ಅಮೆರಿಕದ ನೆವಾಡಾದಲ್ಲಿ ಕಾನೂನಿನ ಪ್ರಕಾರ ಮಷೀನು ಕಡಿಮೆಯೆಂದರೆ ಶೇಕಡಾ 75 ವಾಪಸ್ ಕೊಡಬೇಕು, ನ್ಯೂಜೆರ್ಸಿಯಲ್ಲಿ 83. ಅಲ್ಲಿಯ ಅಂಕಿಯನ್ನು ಇಲ್ಲಿಯ ಮಷೀನಿಗೆ ಹಚ್ಚಬೇಡಿ.

"ಸ್ವಲ್ಪದರಲ್ಲಿ ತಪ್ಪಿತು" ಅನ್ನುವುದಕ್ಕೂ ಒಂದು ಕಾರಣ ಇದೆ. 1890ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಚಾರ್ಲ್ಸ್ ಫೇ ಮಾಡಿದ ಲಿಬರ್ಟಿ ಬೆಲ್ ಅನ್ನುವ ಸ್ಲಾಟ್ ಮಷೀನಿನಲ್ಲಿ ಕಣ್ಣಿಗೆ ಕಂಡ ರೀಲೇ ನಿಜವಾದ ರೀಲು. 1984ರಲ್ಲಿ ಇಂಗೆ ಟೆಲ್ನಾಸ್ ಪಡೆದ ಪೇಟೆಂಟ್ ಅದನ್ನು ಬದಲಿಸಿತು. ಕಣ್ಣಿಗೆ ಕಾಣುವ ರೀಲಿನಲ್ಲಿ 22 ಜಾಗ ಇದ್ದರೂ ಚಿಪ್ 64 ಚೀಟಿಗಳ ಡಬ್ಬಿಯಿಂದ ಎತ್ತಿದ ಹಾಗೆ ಆರಿಸಬಹುದು. ಜಾಕ್‌ಪಾಟ್ ಚಿಹ್ನೆಗೆ ಒಂದೇ ಚೀಟಿ, ಅದರ ಪಕ್ಕದ ಖಾಲಿ ಜಾಗಕ್ಕೆ ಐದಾರು ಚೀಟಿ ಇಟ್ಟರೆ ಏನಾಗುತ್ತದೆ? ಜಾಕ್‌ಪಾಟ್ ಚಿಹ್ನೆ ಗೆಲುವು ನೋಡುವ ಗೆರೆಯ ಮೇಲೆ ನಿಲ್ಲುವುದಕ್ಕಿಂತ ಗೆರೆಯ ಮೇಲೋ ಕೆಳಗೋ ನಿಲ್ಲುವುದೇ ಜಾಸ್ತಿ. ಹತ್ತಿರ ಬಂತು ಅನ್ನಿಸುತ್ತದೆ, ಆದರೆ ಹತ್ತಿರ ಅನ್ನೋದೇ ಅಲ್ಲಿಲ್ಲ. ಮೂರು ರೀಲಿಗೆ 64 ಮೂರು ಸಲ ಗುಣಿಸಿ: 2,62,144 ರೀತಿ. ಅದರಲ್ಲಿ ಜಾಕ್‌ಪಾಟ್ ಒಂದೇ.

ವಿಡಿಯೊ ಸ್ಲಾಟ್‌ಗಳಲ್ಲಿ ಇನ್ನೊಂದನ್ನು ನೋಡಿಕೊಳ್ಳಿ. ಗೆಲುವು ನೋಡುವ ಗೆರೆ 20, ಗೆರೆಗೆ 1 ರೂಪಾಯಿ, ಒಟ್ಟು 20 ಕಟ್ಟಿದಿರಿ. ಒಂದು ಗೆರೆಗೆ 6 ರೂಪಾಯಿ ಬಂತು. ಸಂಗೀತ, ಮಿನುಗುವ ದೀಪ, "ವಿನ್" ಅಂತ ದೊಡ್ಡ ಅಕ್ಷರ. ಹೋಗಿದ್ದು 14 ರೂಪಾಯಿ. ದಯವಿಟ್ಟು ಸದ್ದು ಕೇಳಬೇಡಿ. ಮೂಲೆಯಲ್ಲಿರುವ ಕ್ರೆಡಿಟ್ ಅಂಕಿಯನ್ನು, ಅಂದರೆ ಮಷೀನಿನಲ್ಲಿ ನಿಮ್ಮದು ಎಷ್ಟು ಉಳಿದಿದೆ ಅನ್ನುವುದನ್ನು ನೋಡಿ, ಒತ್ತುವ ಮೊದಲು ಎಷ್ಟಿತ್ತು, ಈಗ ಎಷ್ಟಿದೆ ಅಂತ.

ಆಡಲು ಕೂರುವ ಮೊದಲು "ಹೆಲ್ಪ್" ಅಥವಾ "ಪೇ ಟೇಬಲ್" (ಮೇಲೆ ಹೇಳಿದ ಪಟ್ಟಿ) ಒತ್ತಿ ಓದಿ. ಒಂದು ಕ್ರೆಡಿಟ್‌ಗೆ ಎಷ್ಟು ರೂಪಾಯಿ, ಕಡಿಮೆ ಎಂದರೆ ಎಷ್ಟು ಕಟ್ಟಬೇಕು, ದೊಡ್ಡ ಜಾಕ್‌ಪಾಟ್‌ಗೆ ಪೂರ್ತಿ ಬೆಟ್ ಕಟ್ಟಲೇಬೇಕಾ ಅನ್ನುವುದು ಅಲ್ಲಿರುತ್ತದೆ. ಏರುತ್ತಾ ಹೋಗುವ ಜಾಕ್‌ಪಾಟ್‌ಗೆ ದುಡ್ಡು ಬರುವುದು ಎಲ್ಲರ ಬೆಟ್‌ನಿಂದ ಕಿತ್ತ ಚೂರಿನಿಂದ. 2003ರಲ್ಲಿ ಲಾಸ್ ವೇಗಸ್‌ನಲ್ಲಿ ಒಬ್ಬರಿಗೆ ಹಲವು ಕ್ಯಾಸಿನೊಗಳಿಗೆ ಒಂದೇ ಜಾಕ್‌ಪಾಟ್ ಜೋಡಿಸಿದ ಮೆಗಾಬಕ್ಸ್ ಮಷೀನಿನಲ್ಲಿ ಸುಮಾರು 3.97 ಕೋಟಿ ಡಾಲರ್ ಬಂತು. ಅದು ತುಂಬಿದ್ದು ನೆವಾಡಾದುದ್ದಕ್ಕೂ ಸೋತವರಿಂದ.

ಫೋನಿನಲ್ಲಿ ಆಡೋಣ ಅಂದರೆ, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಆ ಆ್ಯಪ್‌ಗಳ ಲಿಂಕ್ ಬಂದರೆ ಅಳಿಸಿ.

ಗೆದ್ದದ್ದು ಕ್ರೆಡಿಟ್‌ನಲ್ಲಿ ಸೇರದೆ ಮಷೀನ್ ನಿಂತುಬಿಟ್ಟರೆ ಗುಂಡಿ ಮುಟ್ಟಬೇಡಿ, ಸೀಟೂ ಬಿಡಬೇಡಿ. ಅಟೆಂಡೆಂಟ್‌ನನ್ನು ಕರೆಯಿರಿ. ಕಳೆದ ಕೆಲವು ಆಟಗಳ ದಾಖಲೆ ಮಷೀನಿನೊಳಗೇ ಇರುತ್ತದೆ. ಬೀಗದ ಕೈ ಇದ್ದವರು ಅದನ್ನು ಪರದೆಯ ಮೇಲೆ ತೋರಿಸಬಲ್ಲರು. ತೋರಿಸಿ ಅಂತ ಕೇಳಿ.